ಮಾವನ ಕಾರಿನ ಅರ್ಥಿಂಗ್

ಬೆಳಿಗ್ಗೆ ಹತ್ತಕ್ಕೆ ಗುಮಾಸ್ತ ಕಾರಿನ ಬಲಗಡೆಯ ಇಂಡಿಕೇಟರ್ ಹಾಕಿದ. ಡ್ಯಾಶ್‌ಬೋರ್ಡಿನಲ್ಲಿ ಮಿಣುಕಬೇಕಾದದ್ದು ಒಂದೇ ಹಸಿರು ದೀಪ. ಮಿಣುಕಿದ್ದು ನಾಲ್ಕು, ಅದೂ ಅರೆನಿದ್ದೆಯಲ್ಲಿ ಎಬ್ಬಿಸಿದವರ ಕಣ್ಣಿನ ಹಾಗೆ ಮಂಕಾಗಿ.

ಕಾರು ಅವನ ಮಾವನದು. ಮೂವತ್ತು ವರ್ಷ ಓಡಿಸಿದ್ದನ್ನು ಆರು ತಿಂಗಳ ಪರೀಕ್ಷೆಯ ಮೇಲೆ ಹಿರಿಯ ಅಳಿಯನಾದ ಇವನಿಗೆ ಒಪ್ಪಿಸಿದ್ದರು. ಚೆನ್ನಾಗಿ ನೋಡಿಕೊಂಡರೆ ಅವನಿಗೇ. ಇಲ್ಲವಾದರೆ ಕಿರಿಯ ಅಳಿಯನಿಗೆ. ಆ ಷಡ್ಡಕನೋ, ಛತ್ರಿಗೂ ಇಸ್ತ್ರಿ ಹಾಕುವಂಥ ಮನುಷ್ಯ. ಮಾವ ಕಾರು ನೋಡಲು ಬರುವುದು ಇವತ್ತೇ, ನಾಲ್ಕು ಗಂಟೆಗೆ, ಅತ್ತೆಯ ಸಮೇತ.

ಪಕ್ಕದ ಮನೆಯ ರೇಡಿಯೋ ರಿಪೇರಿಯವರು ಬನಿಯನ್ನಿನಲ್ಲೇ ಬಂದು ಬಗ್ಗಿ ನೋಡಿದರು. ದೀಪಕ್ಕೆ ಅರ್ಥಿಂಗ್ ಸಿಗುತ್ತಿಲ್ಲ, ಕರೆಂಟು ವಾಪಸು ಹೋಗಲು ದಾರಿ ಕಾಣದೆ ಅಕ್ಕಪಕ್ಕದ ಬಲ್ಬುಗಳೊಳಗೆ ನುಗ್ಗುತ್ತಿದೆ ಎಂದರು. ಅಷ್ಟರಲ್ಲಿ ಮಹಡಿಯ ಮೇಲಿನ ಗಣಿತದ ಮೇಷ್ಟ್ರು ಇಳಿದು ಬಂದು, ಮೊದಲು ವೈರುಗಳನ್ನು ಬಿಚ್ಚಿ ಎಣಿಸಬೇಕೆಂದರು. ಗುಮಾಸ್ತ ಬೇಡ ಎನ್ನುವಷ್ಟರಲ್ಲಿ ಬಿಚ್ಚಿಯೂ ಆಗಿತ್ತು.

ಹನ್ನೆರಡಕ್ಕೆ ಇಂಡಿಕೇಟರ್ ಹಾಕಿದರೆ ಹಾರನ್ ಕೂಗಿತು. ಒಂದಕ್ಕೆ ಹಾರನ್ ಒತ್ತಿದರೆ ವೈಪರ್ ಆಡಿತು. ಎರಡಕ್ಕೆ ಏನು ಒತ್ತಿದರೂ ಏನೂ ಆಗಲಿಲ್ಲ. ಅಪ್ಪ ಊಟ ಮುಗಿಸಿ ಹೊರಟರಂತೆ ಎಂದು ಹೆಂಡತಿ ಕಿಟಕಿಯಿಂದ ತಿಳಿಸಿದಳು. ಗುಮಾಸ್ತ ಸ್ಕ್ರೂಡ್ರೈವರನ್ನು ರಿಪೇರಿಯವರ ಕೈಗೆ ಕೊಟ್ಟು ತಾನು ಟಾರ್ಚು ಹಿಡಿದ.

ಮೂರೂವರೆಗೆ, ಸ್ಟೇರಿಂಗಿನ ಕೆಳಗೆ ಅಂಗಾತ ಮಲಗಿದ್ದ ರಿಪೇರಿಯವರಿಗೆ ಅರ್ಥಿಂಗಿನ ಕರಿ ವೈರು ಸಿಕ್ಕಿತು. ಅದರ ಸ್ಕ್ರೂ ಕೆಳಗೆಲ್ಲ ತುಕ್ಕು. ಉಜ್ಜಿ ಬಿಗಿದರು. ಎಲ್ಲ ಜೋಡಿಸಿದ ಮೇಲೆ ಮೇಷ್ಟ್ರ ಲೆಕ್ಕದಲ್ಲಿ ಒಂದು ವೈರು ಉಳಿಯಿತು. ಯಾರೋ ಎಂದೋ ಅದರ ತುದಿಗೆ ಟೇಪು ಸುತ್ತಿಟ್ಟಿದ್ದರು.

“ವೈರು ಅಂದ್ಮೇಲೆ ಎಲ್ಲಿಗಾದ್ರೂ ಸೇರ್ಲೇಬೇಕಲ್ಲ,” ಎಂದ ಮೇಷ್ಟ್ರು ಟೇಪು ಬಿಚ್ಚಿ ಅದನ್ನು ವೈರಿಲ್ಲದೆ ಖಾಲಿಯಿದ್ದ ಒಂದು ಬಲ್ಬಿಗೆ ಸಿಕ್ಕಿಸಿದರು. ಇಂಜಿನ್ ಶುರು ಮಾಡಿ ನೋಡುವ ಮೊದಲೇ ಗೇಟು ಕಿರುಗುಟ್ಟಿತು.

ಅತ್ತೆ ಹಿಂದೆ ಕೂತರು. ಮಾವ ಅಳಿಯನನ್ನು ಪಕ್ಕಕ್ಕೆ ಕೂರಿಸಿಕೊಂಡು ಇಂಜಿನ್ ಶುರು ಮಾಡಿ, ಇಂಡಿಕೇಟರ್ ಹಾಕಿದರು. ಹಸಿರು ದೀಪವೊಂದೇ ಮಿಣುಕಿತು, ಸ್ಪಷ್ಟವಾಗಿ. ಗುಮಾಸ್ತ ಅರ್ಧ ಉಸಿರು ಬಿಟ್ಟ. ಉಳಿದರ್ಧ ಬಿಡುವ ಮೊದಲೇ ಕಂಡಿತು: ಇಂಜಿನ್ ಶುರುವಾದ ಕೂಡಲೇ ಆರಬೇಕಾದ ಆಯಿಲಿನ ಕೆಂಪು ದೀಪ ಉರಿಯುತ್ತಲೇ ಇತ್ತು.

“ಅದೇನ್ರೀ ಕೆಂಪಗೆ? ಯಾವತ್ತೂ ಕಂಡಿರ್ಲಿಲ್ಲ,” ಎಂದರು ಅತ್ತೆ.

ಮಾವ ಪರೀಕ್ಷಿಸುವವರಂತೆ ಬಗ್ಗಿ, ಅಳಿಯನ ಕಿವಿಯ ಹತ್ತಿರ ಪಿಸುಗುಟ್ಟಿದರು. “ಅಳಿಯಂದ್ರೇ, ಆ ವೈರ್ ಯಾರ್ರೀ ಸೇರ್ಸಿದ್ದು? ಇದು ಆರ್ತಾನೇ ಇಲ್ಲ ಅಂತ ನಾನೇ ಕಿತ್ತಿಟ್ಟಿದ್ದೆ. ಇದನ್ನ ನೋಡಿದ್ರೆ ನಿಮ್ಮತ್ತೆ ಕಾರೇ ಹತ್ತೋದಿಲ್ಲ.”

ಆಮೇಲೆ ನೆಟ್ಟಗೆ ಕೂತು, ಇಂಜಿನ್ ಆರಿಸಿ, ಬೀಗದ ಕೈಯನ್ನು ತಮ್ಮ ಜೇಬಿಗೆ ಹಾಕಿಕೊಂಡು ಹಿಂದಕ್ಕೆ ತಿರುಗಿದರು.

“ಏನ್ ಹೇಳೋದು ಕಣೇ. ನನ್ ಕೈಲಿದ್ದಾಗ ಈ ದೀಪ ಒಂದ್ ದಿನಾನೂ ಹತ್ತಿದ್ದಿಲ್ಲ.”