ಡಬ್ಬ ಇಲ್ಲದ ಟೆಂಡರು

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಟೆಂಡರು ಕಚೇರಿಯ ಇಂಜಿನಿಯರ್ ಸಾಹೇಬರ ಮೂಗುದನಿ ನನ್ನ ಗಂಟಲಲ್ಲಿ ಅಷ್ಟು ಚೆನ್ನಾಗಿ ಕೂರದೇ ಇದ್ದಿದ್ದರೆ ನಮ್ಮ ಸೋದರಮಾವ ಆ ಮಧ್ಯಾಹ್ನ ಬರಿಗಾಲಲ್ಲಿ ಟಿ. ನರಸೀಪುರದ ಬಸ್ಸು ಹತ್ತುತ್ತಲೇ ಇರಲಿಲ್ಲ!

ಮಾವನಷ್ಟು ಟೆಂಡರು ಬರೆದವರು ನಮ್ಮ ಕಡೆ ಯಾರೂ ಇಲ್ಲ. ಅವರಷ್ಟು ಕಡಿಮೆ ಕೆಲಸ ಮಾಡಿದ ಕಂಟ್ರಾಕ್ಟರೂ ಇಲ್ಲ. ಮೋರಿ, ಚರಂಡಿ, ಶಾಲೆ ಕೋಣೆ, ಯಾವುದನ್ನೂ ಬಿಟ್ಟವರಲ್ಲ. ಆದರೆ ಟಿ. ನರಸೀಪುರದ ಕಚೇರಿಯ ಟೆಂಡರು ಡಬ್ಬದ ಸುತ್ತ ದೊಡ್ಡ ಕಂಟ್ರಾಕ್ಟರುಗಳ ಕಡೆಯವರು, ಬೇರೆಯವರ ಲಕೋಟೆ ಒಳಗೆ ಬೀಳದಂತೆ, ಬೆಳಿಗ್ಗೆಯಿಂದಲೇ ಗೋಡೆ ಕಟ್ಟಿದಂತೆ ನಿಂತಿರುತ್ತಿದ್ದರು. ಒಮ್ಮೆ ಮಾವ ಲಕೋಟೆಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ನುಗ್ಗಿದರು. ಲಕೋಟೆಯೂ ಹೋಯಿತು, ಅಂಗಿಯೂ ಹೋಯಿತು. ಬನಿಯನ್ನಿನಲ್ಲೇ ಊರಿಗೆ ಬಂದರು!

ಆಮೇಲೆ ಸರ್ಕಾರ ಟೆಂಡರನ್ನು ಕಂಪ್ಯೂಟರಿಗೆ ತಂದಿತು. ನಂಜನಗೂಡಿನಲ್ಲಿ ನಾನು ಕೂರುತ್ತಿದ್ದ ಕಂಪ್ಯೂಟರ್ ಅಂಗಡಿಗೆ ಮಾವ ಬಂದರು, ದೇವನೂರಿನ ಇಬ್ಬರು ಗಟ್ಟಿ ಆಳುಗಳ ಸಮೇತ.

"ಇವರ್ಯಾಕೆ ಮಾವ?"

"ನುಗ್ಗಕ್ಕೆ ಕಣ್ಲಾ. ಡಬ್ಬ ಎಲ್ಲದೆ?"

"ಡಬ್ಬ ಇಲ್ಲ. ಈ ಗುಂಡಿ ಒತ್ತಿದ್ರೆ ಸೀದಾ ಓಯ್ತದೆ."

"ಯಾರೂ ತಡೆಯಕ್ಕಿಲ್ವಾ?"

"ಕರೆಂಟು ಒಂದೇ ಮಾವ!"

ಗುಂಡಿ ಒತ್ತಿದೆ. ಆಳುಗಳು ಬೋಂಡ ತಿಂದು ವಾಪಸಾದರು. ಮಾವ ಮಾತ್ರ ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದರು. ವೈರು ಹಿಡಿದುಕೊಂಡು ಗೋಡೆಯವರೆಗೂ ನಡೆದರು. ಗೋಡೆಯಾಚೆ ಮೆಡಿಕಲ್ ಸ್ಟೋರು. ಅಲ್ಲಿಗೂ ಹೋಗಿ ವಿಚಾರಿಸಿ ಬಂದರು! ನನ್ನ ನಾಲಗೆ ಸುಮ್ಮನಿರುತ್ತದೆಯೇ? ಹಿತ್ತಲಿಗೆ ಹೋಗಿ ಅವರ ಮೊಬೈಲಿಗೆ ಫೋನು ಮಾಡಿ, ಸಾಹೇಬರ ದನಿಯಲ್ಲಿ, "ಏನ್ರೀ, ನಿಮ್ಮ ಟೆಂಡರು ದಾರೀಲೇ ನಿಂತುಬಿಟ್ಟಿದೆಯಲ್ರೀ!" ಎಂದೆ.

ತಮಾಷೆ ಎಂದು ಹೇಳಲು ಓಡಿ ಬರುವಷ್ಟರಲ್ಲಿ ಮಾವ ಇಲ್ಲ, ಬಾಗಿಲಲ್ಲಿ ಅವರ ಚಪ್ಪಲಿ ಮಾತ್ರ! ಚಪ್ಪಲಿ ಹಿಡಿದು ಮುಂದಿನ ಬಸ್ಸಿಗೆ ಹೋದೆ. ಟಿ. ನರಸೀಪುರದ ಕಚೇರಿಯ ಬಾಗಿಲಲ್ಲಿ ಮಾವ ರಸ್ತೆಯನ್ನೇ ನೋಡುತ್ತ ಕೂತಿದ್ದರು. ಅವರ ಟೆಂಡರು ಯಾವ ಬಸ್ಸಿನಲ್ಲಿ ಬರುತ್ತದೋ! ತಪ್ಪೊಪ್ಪಿಕೊಂಡೆ. ಬೈಗುಳಕ್ಕೆ ತಲೆಯೊಡ್ಡಿ ನಿಂತೆ. ಅವರು ಕೇಳಿದ್ದು ಇಷ್ಟೇ: "ಅಂಗಾರೆ, ಅದು ಬಂದು ಸೇರ್ಕಂಡದೆ ತಾನೇ?"

ಟೆಂಡರು ತೆರೆದ ದಿನ ನಮ್ಮ ಅಂಗಡಿಯ ಪರದೆಯ ಮೇಲೆ ಮಾವನ ಹೆಸರು ಮೂರನೆಯದು. ಕೆಲಸ ಇನ್ಯಾರಿಗೋ ಹೋಗಿತ್ತು. ಮಾವ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ಓದಿಕೊಂಡರು. ಹೊರಗೆ ಹೋಗಿ ಜಿಲೇಬಿ ತಂದು ಅಂಗಡಿಯಲ್ಲಿದ್ದವರಿಗೆಲ್ಲ ಹಂಚಿದರು. ನನಗೆ ತಲೆಬುಡ ತಿಳಿಯಲಿಲ್ಲ.

"ಅಲ್ಲ ಮಾವ, ಸೋತು ಜಿಲೇಬಿ ಹಂಚ್ತಿದ್ದೀರಲ್ಲ!"

"ಲೇ, ಇಷ್ಟು ವರ್ಸದಲ್ಲಿ ನನ್ ರೇಟ ಯಾರಾರ ಓದಿದ್ರೇನ್ಲಾ? ಇವತ್ತು ಓದ್ಬುಟ್ಟು ಬ್ಯಾಡ ಅಂದವ್ರೆ."