ಆಷಾಢದಾಗ ಇಟಲಿ

ನಾನು ಯಾವುದಾದರೂ ದೊಡ್ಡ ಕೆಲಸಕ್ಕೆ ಕೈ ಹಾಕಿದೆ ಅಂದರೆ ಸಾಕು, ನೋಡುವವರು ಬಾಯಿ ಮೇಲೆ ಕೈ ಇಟ್ಟುಕೊಳ್ಳುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಸಣ್ಣ ಕೆಲಸ ಮಾಡುವವರಿಗೆ ಇಂಥದ್ದೆಲ್ಲ ಆಗುವುದಿಲ್ಲ, ಅಷ್ಟೇ. ಕಿಣ್ಣಿ ಸುಲ್ತಾನದಲ್ಲಿ ಹುಟ್ಟಿ, ಆಳಂದದಲ್ಲಿ ಸ್ವಂತ ಟೂರಿಸ್ಟ್ ಗಾಡಿ ನಿಲ್ಲಿಸಿ, ತುಳಜಾಪುರ, ಪಂಢರಪುರ, ಶ್ರೀಶೈಲ ಅಂತ ಅರ್ಧ ತಾಲೂಕಿಗೆ ದೇವರ ಮುಖ ತೋರಿಸಿದವನು ನಾನು. ಅಂಥವನ ಹನಿಮೂನು ಸಾದಾ ಹೆಂಗ ಆದೀತು?

ಸೊಲ್ಲಾಪುರ ದಾಟಿ

ಜೇವರ್ಗಿ ಕಡೆಯ ಇಜೇರಿಯಲ್ಲಿ ನಮ್ಮ ಮದುವೆ. ಅಕ್ಕಿಕಾಳು ಬಿದ್ದು ಇನ್ನೂ ಬಾಸಿಂಗ ಬಿಚ್ಚಿರಲಿಲ್ಲ, ಹೆಂಡತಿಯ ಗೆಳತಿಯರು ಬಂದು ಸುತ್ತುಗಟ್ಟಿದರು.

“ಮಾವಾರ, ನಮ್ಮ ಹುಡುಗಿನ್ನ ಹನಿಮೂನಿಗೆ ಎಲ್ಲಿ ಕರ್ಕೊಂಡ್ ಹೋಗ್ತೀರಿ? ಗಾಡಿ ಹ್ಯಾಂಗೂ ಅದ. ತುಳಜಾಪುರಕ್ಕೇನು?” ಅಂದಳು ಒಬ್ಬಾಕೆ. ಉಳಿದವರು ಕಿಸಕ್ಕನೆ ನಕ್ಕರು.

ನನ್ನ ಮೀಸೆಗೆ ಕೈ ಹಚ್ಚಿದಂತಾಯಿತು. “ಇಟಲಿಗೆ” ಅಂದೆ.

ನಗು ನಿಂತಿತು. ಬಾಜಾದವನು ಊದುವುದನ್ನು ಬಿಟ್ಟು ನನ್ನನ್ನೇ ನೋಡಿದ. ಇಡೀ ಮಂಟಪದಲ್ಲಿ ಎಲ್ಲರಿಗಿಂತ ಹೆಚ್ಚು ಗಾಬರಿಯಾದವನು ನಾನು. ಆ ಶಬ್ದ ನನ್ನ ಬಾಯಿಂದ ಯಾಕೆ ಬಂತೋ ಇವತ್ತಿಗೂ ಗೊತ್ತಿಲ್ಲ. ಅರಿಶಿಣದ ದಿನದಿಂದ ತಲೆ ಎತ್ತದ ನನ್ನ ಹೆಂಡತಿ ಆಗ ತಲೆ ಎತ್ತಿದಳು. “ಖರೇನಾ? ಸಾಲ್ಯಾಗ ಬೂಟಿನಂಗ ಇರೋ ದೇಶ ಅಂತ ಓದಿದಾಗಿಂದ ಅದನ್ನ ನೋಡಬೇಕು ಅಂತ ನನ್ನ ಜೀವ ಹೊಡ್ಕೊಳಾಕತ್ತದ್ರಿ” ಅಂದಳು. ಆ ಕಣ್ಣು ನೋಡಿದ ಮೇಲೆ ಹಿಂದೆ ಸರಿಯುವ ಗಂಡಸು ನಾನಲ್ಲ. ಆಕೆಯನ್ನು ಇಟಲಿಗೆ ಮುಟ್ಟಿಸದಿದ್ದರೆ ಈ ಮೀಸೆ ಇದ್ದೂ ಉಪಯೋಗವಿಲ್ಲ ಅಂತ ಅಲ್ಲೇ ನಿಶ್ಚಯ ಮಾಡಿದೆ.

ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕೂಗಿ ಕೇಳಿದಳು: “ಅದು ಯಾ ಕಡಿ ಬರ್ತದಲೇ?”

“ಸೊಲ್ಲಾಪುರ ದಾಟಿ, ಆಯಿ” ಅಂದೆ. ಇದರಲ್ಲಿ ಸುಳ್ಳೇನಿದೆ?

ಕೈ ಮುಗಿ, ಗಾಡಿ ಏರು

ಟೂರ್ ಪ್ಲ್ಯಾನ್ ಮಾಡುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಒಂದೇ ಪಟ್ಟಿಗೆ ಕೂತು ಇಟಲಿಯನ್ನು ಮುಗಿಸಿಬಿಟ್ಟೆ. ನಸುಕಿನಲ್ಲಿ ಮಿಲಾನಿನಲ್ಲಿ ಇಳಿಯುವುದು, ಅಲ್ಲೇ ಸ್ನಾನ, ಚಹಾ. ಮಧ್ಯಾಹ್ನ ವೆನಿಸ್, ಸಂಜೆಗೆ ಫ್ಲಾರೆನ್ಸ್, ರಾತ್ರಿಯೆಲ್ಲ ರೈಲಿನಲ್ಲಿ ನಿದ್ದೆ, ಬೆಳಗ್ಗೆ ರೋಮ್, ಊಟ ಮುಗಿಸಿ ನೇಪಲ್ಸ್. ರಾತ್ರಿ ಪ್ರಯಾಣ ಮಾಡಿದರೆ ರೂಮಿನ ಬಾಡಿಗೆ ಉಳಿಯುತ್ತದೆ ಅನ್ನುವುದು ನಮ್ಮ ಧಂದೆಯ ಮೊದಲನೇ ಪಾಠ. ಹೆಂಡತಿಗೆ ಓದಿ ಹೇಳಿ, ಶಹಬ್ಬಾಸ್ ಅಂತಾಳೆ ಅಂತ ಎದೆ ಉಬ್ಬಿಸಿ ಕೂತೆ.

ಆಕೆ ಆಳಂದದ ಬ್ಯಾಂಕಿನಲ್ಲಿ ಕೆಲಸ ಮಾಡುವಾಕೆ. ಎಲ್ಲವನ್ನೂ ತಣ್ಣಗೆ ಕೇಳಿದಳು. “ಇದರಾಗ ನಾವಿಬ್ಬರೂ ಸುಮ್ನ ಕೂಡೋದು ಯಾವಾಗ್ರಿ?”

“ಕೂಡೋದಾ? ಕೂಡಾಕ ಅಲ್ಲಿತನ ಯಾಕ ಹೋಗಬೇಕು? ಕೂಡೋದು ಕಿಣ್ಣಿ ಸುಲ್ತಾನದ ಕಟ್ಟಿ ಮ್ಯಾಲೆ ಆಗ್ತದ.”

“ರೀ, ಹನಿಮೂನ್ ಅಂದ್ರ ಒಂದು ಊರಾಗ ಎರಡು ಮೂರು ದಿನ ಇರೋದು. ಸೂರ್ಯ ಮುಳುಗೋದು ನೋಡೋದು. ಕೈ ಹಿಡ್ಕೊಂಡು ಅಡ್ಡಾಡೋದು.”

ನನಗೆ ದಿಗಿಲಾಯಿತು. ಇಷ್ಟು ವರ್ಷದ ಧಂದೆಯಲ್ಲಿ ಯಾವ ಊರಿನಲ್ಲೂ ನಾನು ಎರಡು ದಿನ ಗಾಡಿ ನಿಲ್ಲಿಸಿಲ್ಲ. ಆದರೂ ಒಪ್ಪಿದೆ. ಊರು ಊರಿಗೂ ಹೊಸದಾಗಿ ದಿನ ಹಂಚಿದೆ. ಸೂರ್ಯ ಮುಳುಗುವುದು ಫ್ಲಾರೆನ್ಸಿನ ಸೇತುವೆ ಮೇಲೆ, ಅಡ್ಡಾಡುವುದು ರೋಮಿನಲ್ಲಿ ಅಂತ ನಿಗದಿ ಮಾಡಿದೆ. ಕೊನೆಗೆ ಕೇಳಿದೆ: “ಕೈ ಹಿಡ್ಕೊಳ್ಳೋದು ಎಷ್ಟು ಹೊತ್ತಿಂದ ಎಷ್ಟು ಹೊತ್ತಿನ ತನ ಇಟ್ಕೊಳ್ಳಲಿ?”

ಆಕೆ ಎದ್ದು ಒಳಗೆ ಹೋದಳು. ಪ್ಲ್ಯಾನಿನ ಹಾಳೆಯಲ್ಲಿ ಆ ಜಾಗ ಇನ್ನೂ ಖಾಲಿ ಬಿಟ್ಟಿದ್ದೇನೆ.

ಕಿಟಕಿ ಸೀಟು

ಫೋನಿನಲ್ಲಿ ರೈಲಿನ ವಿಚಾರ ಮಾತಾಡುವಾಗ ನಾನು “ನೇಪಲ್ಸ್, ನೇಪಲ್ಸ್” ಅಂತ ನಾಲ್ಕು ಸಲ ಕೂಗಿದೆ. ಆಯಿ ಬಾಗಿಲಲ್ಲಿ ಕೂತು ಕಡ್ಲಿ ಹಸನು ಮಾಡುತ್ತಿದ್ದಳು. ಆಕೆಯ ಕಿವಿಗೆ ಅದು ನೇಪಾಳ ಅಂತ ಬಿತ್ತು. ಸಂಜೆ ಗುಡಿ ಕಟ್ಟೆಗೆ ಹೋಗಿ, “ನಮ್ಮ ಹುಡುಗ ನೇಪಾಳಕ್ಕ ಗಾಡಿ ಬಿಡಾಕತ್ತಾನ” ಅಂತ ಹೇಳಿ ಬಂದಳು.

ಮರುದಿನ ಬಾಗಿಲು ತೆಗೆದರೆ ಅಂಗಳದ ತುಂಬ ಜನ! ಒಬ್ಬಾತ ಹಾಸಿಗೆಯನ್ನೇ ಸುತ್ತಿಕೊಂಡು ಬಂದಿದ್ದ.

“ತಮ್ಮಾ, ಪಶುಪತಿನಾಥನ ದರ್ಶನಕ್ಕ ನಂದೊಂದು ಸೀಟು ಇಡು. ನನಗ ವಾಂತಿ ಆಗ್ತದ, ಕಿಟಕಿ ಕಡಿನೇ ಬೇಕು” ಅಂದಳು ಪಕ್ಕದ ಮನೆಯ ಮುದುಕಿ.

“ಹಿಂದಿನ ಸೀಟು ನನಗ ಬಿಲ್ಕುಲ್ ಬ್ಯಾಡ. ಹೋದ ಸಲ ಶ್ರೀಶೈಲದಾಗ ನನ್ನ ಸ್ವಂಟಾ ಹೋಯ್ತು” ಅಂದ ಹಾಸಿಗೆಯವನು.

“ಇದು ಯಾತ್ರಾ ಅಲ್ರೀ, ಹನಿಮೂನು! ಗಂಡ ಹೆಂಡತಿ ಇಬ್ಬರೇ ಹೋಗೋದು!” ಅಂತ ಗಂಟಲು ಹರಿಯುವಂತೆ ಚೀರಿದೆ.

ಮುದುಕಿ ಬಹಳ ಕರುಣೆಯಿಂದ ಅಂದಳು: “ಆತಪಾ, ನೀವಿಬ್ಬರೂ ಮುಂದ ಕೂಡ್ರಿ. ನಾವು ಹಿಂದ ಕಣ್ಣು ಮುಚ್ಚಿ ಭಜನಿ ಮಾಡ್ಕೋತ ಬರ್ತೀವಿ.”

ಸೊನ್ನದ ತಾಲೀಮು

ವೆನಿಸಿನಲ್ಲಿ ರಸ್ತೆಯೇ ಇಲ್ಲ, ದೋಣಿಯಲ್ಲೇ ತಿರುಗಬೇಕು ಅಂತ ಹೆಂಡತಿ ಹೇಳಿದಳು. ಗಾಡಿಯ ಮೇಲೆ ಬೆಳೆದವನು ನಾನು. ನೀರಿನ ಮೇಲೆ ಎಂದೂ ಕೂತವನಲ್ಲ. ಆದರೆ ಅಲ್ಲಿಗೆ ಹೋಗಿ ಪರದೇಶದವರ ಮುಂದೆ ಮಾನ ಕಳೆದುಕೊಳ್ಳಬಾರದು ನೋಡಿ, ಒಂದು ಭಾನುವಾರ ಆಕೆಯನ್ನು ಕರೆದುಕೊಂಡು ಅಫಜಲಪುರ ದಾಟಿ ಸೊನ್ನಕ್ಕೆ ಹೋದೆ. ಅಲ್ಲಿ ಬ್ಯಾರೇಜಿನ ಹಿಂದೆ ಭೀಮಾ ನದಿ ಸಮುದ್ರದಂತೆ ನಿಂತಿರುತ್ತದೆ. ಮೀನು ಹಿಡಿಯುವವನೊಬ್ಬ ಹರಗೋಲು ದಂಡೆಗೆ ತಂದ.

“ಒಂದು ಸುತ್ತು ಹೊಡಿಸು. ನಾವು ಇಟಲಿಗೆ ಹೋಗೋರು” ಅಂದೆ.

“ಇದು ಅಲ್ಲಿತನ ಹೋಗಂಗಿಲ್ರಿ ಸಾವ್ಕಾರ್ರ” ಅಂದ ಅವನು.

ಹರಗೋಲು ಅಂದರೆ ಬುಟ್ಟಿ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ದಂಡೆ ಬಿಟ್ಟ ಕೂಡಲೇ ಗಿರ್ರನೆ ತಿರುಗಿತು. ಆಕಾಶ ಕೆಳಗೆ ಬಂತು, ನೀರು ಮೇಲೆ ಹೋಯಿತು. ನಾನು ಹೆದರಲಿಲ್ಲ. ಕಣ್ಣು ಮಾತ್ರ ತಾವಾಗಿಯೇ ಮುಚ್ಚಿಕೊಂಡವು. ಇದೇ ಸಮಯ ಅಂತ ಹೆಂಡತಿಯನ್ನು ಗಟ್ಟಿಯಾಗಿ ಅಪ್ಪಿಕೊಂಡು, “ಹೆದರಬ್ಯಾಡ, ನಾ ಅದೇನಿ” ಅಂದೆ.

ಮೇಲಿನಿಂದ ಗಂಡು ಧ್ವನಿ ಬಂತು. “ನನಗೇನ್ ಹೆದರಿಕಿ ಇಲ್ರಿ ಸಾವ್ಕಾರ್ರ. ನೀವು ನನ್ನ ಕಾಲು ಬಿಟ್ರ ಹುಟ್ಟು ಹಾಕ್ತೇನಿ.”

ತವರುಮನೆ ಹೊರಟಿತು

ಇಷ್ಟಾದ ಮೇಲೆ ಟಿಕೆಟ್ ತೆಗೆದೆ. ವಾಪಸು ಮಾಡಲು ಬಾರದಂಥ ಟಿಕೆಟ್. ಮಾತು ಕೊಟ್ಟವನಿಗೆ ವಾಪಸು ಮಾಡುವಂಥ ಟಿಕೆಟ್ ಯಾಕೆ? ಸುದ್ದಿ ಹೇಳಲು ಇಜೇರಿಗೆ ಹೋದೆವು. ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಹೆಡ್‌ಮೇಡಂ ಆಗಿ ರಿಟೈರ್ ಆದವರು. ಅವರ ಮುಂದೆ ಇವತ್ತಿಗೂ ಊರವರು ಕೈ ಕಟ್ಟಿಯೇ ನಿಲ್ಲುತ್ತಾರೆ. ನಾನೊಬ್ಬನೇ ಕಾಲ ಮೇಲೆ ಕಾಲು ಹಾಕಿ ಕೂರುವವನು.

“ಯಾವಾಗ ಹೊಂಟೀರಿ ಅಳಿಯಂದ್ರ?”

“ಪಂಢರಪುರದ ಏಕಾದಶಿ ಮುಗದ ಮ್ಯಾಲ್ರಿ. ಶ್ರಾವಣ ಹತ್ತೂದ್ರಾಗ ವಾಪಸ್. ನಡುವ ಗಾಡಿಗಿ ಒಂದೂ ಬಾಡಿಗಿ ಇರಂಗಿಲ್ಲ, ಮದುವಿನೂ ಇರಂಗಿಲ್ಲ.”

“ಆ ದಿನಕ್ಕ ಏನಂತಾರ?”

“ಆಫ್ ಸೀಜನ್ ಅಂತಾರ್ರಿ.”

“ಆಷಾಢ ಅಂತಾರ” ಅಂದರು ಅತ್ತೆ.

ಕಾಲ ಮೇಲಿನ ಕಾಲು ತಾನಾಗಿಯೇ ಇಳಿಯಿತು. ವರ್ಷಾ ವರ್ಷಾ ಆ ತಿಂಗಳು ಗಾಡಿ ತೊಳೆದು ನಿಲ್ಲಿಸುವವನಿಗೆ, ಮದುವೆ ಯಾಕೆ ನಡೆಯುವುದಿಲ್ಲ ಅನ್ನುವುದು ತಲೆಗೆ ಹೊಳೆದೇ ಇರಲಿಲ್ಲ! ಹೊಸ ಮದುಮಗಳು ಮೊದಲ ಆಷಾಢದಲ್ಲಿ ತವರಲ್ಲೇ ಇರಬೇಕು, ಗಂಡನ ಹೊಸ್ತಿಲು ತುಳಿಯಬಾರದು.

“ಅಲ್ಲಿ ಆಷಾಢ ಇರಂಗಿಲ್ರಿ ಅತ್ತಿಯವರ” ಅಂದೆ.

“ಅಲ್ಲಿ ಚಂದ್ರ ಇರ್ತಾನಿಲ್ಲೋ?”

“ಇರ್ತಾನ್ರಿ.”

“ಹಂಗಾದ್ರ ಆಷಾಢನೂ ಇರ್ತದ.”

ನಾನು ಹೆಂಡತಿಯ ಕಡೆ ನೋಡಿದೆ. ಆಕೆಯ ಮುಖ ಬಾಡಿಹೋಗಿತ್ತು. “ಯವ್ವಾ, ಇದೊಂದು ತಪ್ಪಿಸಬ್ಯಾಡ” ಅಂದಳು.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ತವರು ಅಂದ್ರ ಏನು? ನಾಕು ಗ್ವಾಡಿ ಅಲ್ಲ. ತಾಯಿ ಎಲ್ಲಿ ಇರ್ತಾಳೋ ಅದು ತವರು. ಹೌದಿಲ್ಲೋ?”

“ನೂರಕ್ಕ ನೂರು ಹೌದ್ರಿ!” ಅಂದೆ. ಇದಕ್ಕಿಂತ ದೊಡ್ಡ ಹೌದು ನಾನು ಎಂದೂ ಅಂದಿಲ್ಲ.

“ಹಂಗಾದ್ರ ನಾನೂ ಬರ್ತೇನಿ. ಅಕಿ ನನ್ನ ಕೂಡ ನನ್ನ ರೂಮಿನಾಗ ಇರ್ತಾಳ. ನೀವು ಬ್ಯಾರೆ ರೂಮಿನಾಗ ಇರ್ರಿ. ಬ್ಯಾರೆ ಮಾಳಿಗಿ ಮ್ಯಾಲೆ ಇದ್ರ ಇನ್ನೂ ಛಲೋ.”

ಅವರು ಹಿಂದೊಮ್ಮೆ ಮಾಸ್ತರಿಣಿಯರ ಕೂಡ ಶ್ರೀಲಂಕಾ ನೋಡಿ ಬಂದವರು. ಹೀಗೆ ಜೇವರ್ಗಿ ತಾಲೂಕಿನ ಒಂದು ತವರುಮನೆ, ಪಾಸ್‌ಪೋರ್ಟ್ ಸಮೇತ, ನನ್ನ ಹನಿಮೂನಿಗೆ ಹೊರಟು ನಿಂತಿತು.

ಪೂಛೋ ಮೇಡಂ

ಮೂವರೂ ಹೈದರಾಬಾದಿಗೆ ಹೋಗಿ ಬೆರಳಚ್ಚು ಕೊಟ್ಟು ವೀಸಾಕ್ಕೆ ಅರ್ಜಿ ಹಾಕಿ ಬಂದೆವು. ಕೆಲವು ದಿನ ಬಿಟ್ಟು ನನ್ನ ಫೋನ್ ಬಡಿದುಕೊಂಡಿತು. ವೀಸಾ ಕೊಡುವ ಕಚೇರಿಯ ಹೆಣ್ಣುಮಗಳು, ಹಿಂದಿಯಲ್ಲಿ, ಒಂದೆರಡು ವಿಷಯ ಕೇಳುವುದಿದೆ ಅಂದಳು. “ಪೂಛೋ ಮೇಡಂ, ಡರ್ನೇಕಾ ನೈ” ಅಂದೆ. ಹಿಂದಿ ಅಂದರೆ ನನಗೆ ನೀರು ಕುಡಿದಂತೆ. ಹೆಂಡತಿ ಪಕ್ಕದಲ್ಲೇ ಕೂತಿದ್ದಳು.

“ಯಾತಕ್ಕೆ ಹೊರಟಿದ್ದೀರಿ?”

“ಹನಿಮೂನಿಗ್ರಿ.”

“ಜೊತೆಯಲ್ಲಿ ಅರ್ಜಿ ಹಾಕಿದ ಹಿರಿಯ ಹೆಂಗಸು ಯಾರು?”

“ನಮ್ಮ ಅತ್ತಿ.”

ಆ ಕಡೆ ಹಾಳೆ ತಿರುವಿದ ಸದ್ದು ಕೇಳಿತು. “ಒಂದು ರೂಮಿನಲ್ಲಿ ಇಬ್ಬರು ಹೆಂಗಸರು, ಇನ್ನೊಂದರಲ್ಲಿ ನೀವೊಬ್ಬರೇ ಅಂತ ಇದೆ. ತಪ್ಪಾಗಿದೆಯಾ?”

“ಬರೋಬ್ಬರಿ ಅದರಿ. ನಾನೂ ನನ್ನ ಹೆಂಡತಿನೂ ಒಂದೇ ಹೊಸ್ತಿಲ ದಾಟಂಗಿಲ್ಲ. ಆಷಾಢ!”

“ಆಷಾಢ ಅಂದರೆ ಯಾರು? ಅವರೂ ಬರುತ್ತಾರಾ?”

“ಅದು ಎಲ್ಲಾ ಕಡಿ ಇರ್ತದ್ರಿ ಮೇಡಂ, ವೀಸಾ ಇಲ್ದನ ಬರ್ತದ!”

ಹೆಂಡತಿ ಹಣೆಗೆ ಕೈ ಹಚ್ಚಿಕೊಂಡಳು. ನಾನು ಮಾತ್ರ ಆ ಮೇಡಮ್ಮಿಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಬರುತ್ತಿದೆ ಅಂದುಕೊಂಡೆ. ಅದಕ್ಕೇ ಮುಂದಿನ ಪ್ರಶ್ನೆಗೆ ಇನ್ನೂ ಹುರುಪಿನಿಂದ ತಯಾರಾದೆ.

“ಪ್ರವಾಸ ಮುಗಿದ ಮೇಲೆ ನೀವು ಖಂಡಿತ ಊರಿಗೆ ಮರಳುತ್ತೀರಾ?”

“ನಾ ಬರ್ತೇನಿ ಅಂದ್ರೂ ಅವರು ಬಿಡಬೇಕಲ್ರಿ! ನಾ ಹೋದ ಕಡಿ ಮಂದಿ ನನ್ನ ಬಿಟ್ಟುಕೊಡಂಗಿಲ್ಲ. ಗಾಡಿ ತಗೊಳ್ಳೂಕ್ಕಿಂತ ಮೊದಲ ಎರಡು ದಿನ ಅಂತ ಪುಣೆಕ್ಕ ಹೋದಾಂವ ಎರಡು ತಿಂಗಳು ಇದ್ದು ಬಂದೇನಿ. ಇಟಲಿಯವರು ನನ್ನ ಡ್ರೈವಿಂಗ್ ಒಂದು ಸಲ ನೋಡಿದ್ರ ಸಾಕು, ಅಲ್ಲೇ ಇಟ್ಕೊಂಡುಬಿಡ್ತಾರ!”

“ಇರಿ ಅಂದರೆ ಇರುತ್ತೀರಾ?”

“ಅಷ್ಟು ಪ್ರೀತಿಲಿಂದ ಕರದ್ರ ಹ್ಯಾಂಗ ಬ್ಯಾಡ ಅನ್ನೂದ್ರಿ?”

ಮೇಡಂ “ಥ್ಯಾಂಕ್ಯೂ” ಅಂದಳು. ನಾನು ಹೆಂಡತಿಯ ಕಡೆ ತಿರುಗಿ ಅಂದೆ: “ನೋಡಿದಿ? ಥ್ಯಾಂಕ್ಯೂ ಅಂದ್ಲು. ಕೆಲಸ ಆತು.”

ಕೆಲಸ ಆಯಿತು. ಪಾಸ್‌ಪೋರ್ಟುಗಳು ಬಂದವು. ಹೆಂಡತಿಗೆ ವೀಸಾ ಸಿಕ್ಕಿತ್ತು. ಅತ್ತೆಗೂ ಸಿಕ್ಕಿತ್ತು. ನನಗೆ, ಈ ಮನುಷ್ಯ ವಾಪಸು ಬರುವ ನಂಬಿಕೆ ಇಲ್ಲ ಅಂತ ನಿರಾಕರಿಸಿದ್ದರು.

ನಾನು ಕೂತಲ್ಲೇ ಕೂತೆ. ನಿರಾಕರಣೆಯ ಕಾಗದವನ್ನು ಎರಡು ಸಲ ತಿರುವಿ ನೋಡಿದೆ. ಹೆಂಡತಿ, “ನಾನೂ ಹೋಗಂಗಿಲ್ಲ ಬಿಡ್ರಿ” ಅಂದಳು. ಆದರೆ ಅನ್ನುವಾಗ ಆಕೆಯ ಕೈ ಪಾಸ್‌ಪೋರ್ಟನ್ನು ಸವರುತ್ತಿತ್ತು. ನಾನು ಎದ್ದು ನಿಂತೆ. “ಇಟಲಿ ತೋರಸ್ತೇನಿ ಅಂದೇನಿ, ನಾನೂ ನೋಡ್ತೇನಿ ಅಂತ ಎಲ್ಲಿ ಅಂದೇನಿ? ನಡಿ!” ಅಂದೆ. ನನ್ನದೇ ಗಾಡಿಯಲ್ಲಿ ತಾಯಿ ಮಗಳನ್ನು ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ಮುಟ್ಟಿಸಿದೆ. ಹೆಂಡತಿ ಬಾಗಿಲಲ್ಲಿ ತಿರುಗಿ ತಿರುಗಿ ನೋಡಿದಳು. ಅತ್ತೆ ಮಾತ್ರ ಮೊದಲ ಸಲ ನನ್ನನ್ನು ನೋಡಿ ನಕ್ಕರು. “ಎಷ್ಟು ಶಾಸ್ತ್ರಬದ್ಧ ಆಷಾಢ ಹಿಡದ್ರಿ ಅಳಿಯಂದ್ರ! ಇಂಥ ಅಳಿಯಾ ಯಾರಿಗೂ ಇಲ್ಲ” ಅಂದರು.

ವಿಮಾನದಲ್ಲಿ ನನ್ನ ಸೀಟು ಖಾಲಿ ಹೋಗಲಿಲ್ಲ. ಅತ್ತೆ ಅದರ ಮೇಲೆ ಕಟಕ ರೊಟ್ಟಿಯ ಗಂಟು ಇಟ್ಟು ಬೆಲ್ಟ್ ಹಾಕಿದ್ದರಂತೆ.

ಆಮೇಲೆ ದಿನಾ ಫೋಟೋ ಬಂದವು. ಫ್ಲಾರೆನ್ಸಿನ ಸೇತುವೆ, ಮುಳುಗುವ ಸೂರ್ಯ, ಸುತ್ತಮುತ್ತ ಮುತ್ತು ಕೊಡುತ್ತಿರುವ ಜೋಡಿಗಳು. ನಟ್ಟ ನಡುವೆ ಇಳಕಲ್ ಸೀರೆ ಉಟ್ಟು, ಮಗಳ ಕೈ ಗಟ್ಟಿಯಾಗಿ ಹಿಡಿದು ನಿಂತ ನಮ್ಮ ಅತ್ತೆ.

ನಾನು ಆಗ ಕಿಣ್ಣಿ ಸುಲ್ತಾನದಲ್ಲಿ ಹೊಲದ ತೊಗರಿಗೆ ಎಡಿ ಹೊಡೆದು ಸಾಲಿನ ನಡುವಿನ ಕಳೆ ತೆಗೆಯುತ್ತಿದ್ದೆ. ದಾರಿಯಲ್ಲಿ ಹೋಗುವವರು ನಿಂತು ಕೇಳಿದರು: “ಯಾಕಲೇ, ಇಟಲಿಗೆ ಹನಿಮೂನಿಗೆ ಹೋಗ್ತೇನಿ ಅಂದಿದ್ದಿ, ಏನಾತು?”

“ಫಸ್ಟ್ ಕ್ಲಾಸ್ ನಡದದ!” ಅಂದೆ ಎದೆ ಉಬ್ಬಿಸಿ. “ನನ್ನ ಪ್ಲ್ಯಾನ್ ಅಂದ್ರ ಹಂಗ. ನಾ ಇಲ್ದಿದ್ರೂ ಒಂದೂ ರೈಲು ತಪ್ಪಿಲ್ಲ.”