ಮೀಸೆ, ಮಾಸ್ಕ್ ಮತ್ತು ಅಪ್ಪಯ್ಯ

ಚಿಂತೆ ಮಾಡಲು ಕಾರಣ ಬೇಕು ಎನ್ನುವವರು ಅದನ್ನು ಸರಿಯಾಗಿ ಅಭ್ಯಾಸ ಮಾಡಿದವರಲ್ಲ. ನನಗೆ ಬೆಳಗ್ಗೆ ಏಳುವಾಗಲೇ ಒಂದು ಚಿಂತೆ ತಯಾರಿರುತ್ತದೆ. ಕಾರಣವನ್ನು ಮಧ್ಯಾಹ್ನದೊಳಗೆ ಹೇಗಾದರೂ ಹುಡುಕಿಕೊಳ್ಳುತ್ತೇನೆ. ಇಂಥವನು ಐವತ್ತು ದಾಟಿದ ಮೇಲೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಡಿಗೆ ಇಳಿಯಲು ಹೊರಟದ್ದು ಹೇಗೆಂದು ನನ್ನನ್ನು ಕೇಳಬೇಡಿ. ಸ್ನೇಹಿತರ ಒತ್ತಾಯಕ್ಕೆ ಒಮ್ಮೆ ಬೈಂದೂರು ದಾಟಿ ಮುರ್ಡೇಶ್ವರಕ್ಕೆ ಹೋಗಿ, ದೋಣಿ ಹತ್ತಿ, ನೇತ್ರಾಣಿ ದ್ವೀಪದ ಹತ್ತಿರ ಮುಳುಗಿದೆ. ಮೇಲೆ ಬಂದಾಗ ಇನ್ನೊಮ್ಮೆ ಮುಳುಗಬೇಕೆನಿಸಿತು. ಅಷ್ಟೇ.

ಬಾಡಿಗೆಯ ಸಾಮಾನೆಲ್ಲ ಹರೆಯದ ಹುಡುಗರ ಅಳತೆಯದ್ದು. ಹಾಗಾಗಿ ಸ್ವಂತದ್ದು ಕೊಳ್ಳೋಣವೆಂದುಕೊಂಡೆ. ಮಂಡಿನೋವಿಗೆ ಒಗ್ಗುವ ಮೆತ್ತನೆಯ ಕಾಲುರೆಕ್ಕೆ ಸುಲಭವಾಗಿ ಸಿಕ್ಕಿತು. ರಬ್ಬರಿನ ಸೂಟು ಮಾತ್ರ ಕೋಟೇಶ್ವರದ ನಮ್ಮ ಮನೆಯಲ್ಲಿ ಗಂಡಹೆಂಡಿರ ಜಂಟಿ ಕಾಮಗಾರಿಯಾಯಿತು. ಹೆಂಡತಿ ಸುಮತಿ ಬೆನ್ನಿನ ಜಿಪ್ ಹಿಡಿದು, "ಉಸ್ರ್ ಒಳಗ್ ಎಳ್ಕಣಿ. ಇನ್ನೂ ಎಳ್ಕಣಿ. ಇದ್ ಹೊಟ್ಟೆಯಾ, ಹಲ್ಸಿನ್ ಹಣ್ಣಾ?" ಎಂದಳು. ಜಿಪ್ ಎದೆಯ ಮೇಲಿರುವ ಇನ್ನೊಂದು ಸೂಟು ತಂದೆ. ಉಸಿರು ಎಳೆದುಕೊಳ್ಳುವುದು ತಪ್ಪಲಿಲ್ಲ, ಮಾತು ಕೇಳುವುದು ತಪ್ಪಿತು.

ನಿಜವಾದ ತೊಂದರೆ ಮಾಸ್ಕಿನದು. ಕಣ್ಣು ಮೂಗು ಮುಚ್ಚುವ ಆ ಗಾಜಿನ ಮುಖವಾಡ ಎಷ್ಟು ಬದಲಿಸಿದರೂ ಸೋರುತ್ತಿತ್ತು. ಮೂಗಿಗೆ ನೀರು ತಾಗಿದ ಕೂಡಲೇ ನಾನು ಗಾಬರಿಬಿದ್ದು ಮೇಲೇಳುತ್ತಿದ್ದೆ. ನೀರಿಗಿಳಿಸುವ ಗುರು ಭಾಸ್ಕರ ನಾವುಂದದವರು, ಮಾತು ನೇರ. "ಕಾಣಿ, ಇನ್ನೊಂದ್ ಸಲ ಹೀಂಗೆ ಹೆದ್ರಿ ಮೇಲ್ ಬಂದ್ರೆ ನಾನ್ ನಿಮ್ಮನ್ನ ಕರ್ಕಂಡ್ ಹೋತಿಲ್ಲೆ. ಆ ಮೀಸೆ ಸಂದಿಲ್ಲೇ ನೀರ್ ಹೊಕ್ಕುದ್. ಒಂದೋ ಸಮುದ್ರ ಬಿಡಿ, ಇಲ್ದಿರೆ ಮೀಸೆ ಬಿಡಿ."

ಭಾನುವಾರ ಬೆಳಗ್ಗೆ ಮೀಸೆ ಬಿಟ್ಟೆ. ಎಲ್ಲದಕ್ಕೂ ಚಿಂತೆ ಮಾಡುವ ನಾನು ಒಂದನ್ನು ಮರೆತಿದ್ದೆ. ನಮ್ಮ ಕಡೆ ನನ್ನ ಪ್ರಾಯದ ಗಂಡಸು ಇದ್ದಕ್ಕಿದ್ದಂತೆ ಮೀಸೆ ತೆಗೆದರೆ ಅದಕ್ಕೆ ಒಂದೇ ಅರ್ಥ, ಮನೆಯ ಹಿರಿಯರು ತೀರಿಕೊಂಡಿದ್ದಾರೆ. ಪೇಟೆಯಲ್ಲಿ ಜಿನಸಿ ಅಂಗಡಿಯ ಶೀನಣ್ಣ ನನ್ನನ್ನು ಕಂಡವರೇ ತಕ್ಕಡಿ ಬಿಟ್ಟು ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು. "ಒಂದ್ ಮಾತ್ ಹೇಳ್ಲಿಲ್ಲ ಅಲ್ದಾ ಮಾರಾಯ್ರೆ. ಯಾವಾಗ ಆಯ್ತ್?"

ಮೀಸೆ ತೆಗೆದದ್ದನ್ನೇ ಕೇಳುತ್ತಿದ್ದಾರೆಂದುಕೊಂಡು ನಾನು, "ಇವತ್ ಬೆಳಿಗ್ಗೆ. ಎಂತ ಮಾಡುಕಾತ್ತ್, ನೀರ್ ಸೋರ್ತಿತ್ತ್" ಎಂದೆ.

ಶೀನಣ್ಣ ನಿಟ್ಟುಸಿರು ಬಿಟ್ಟು, "ಪ್ರಾಯ ಆದ್ ಮೇಲೆ ಹಾಂಗೇ" ಎಂದರು.

ಅಪ್ಪಯ್ಯ ಇರುವುದು ಬ್ರಹ್ಮಾವರದಲ್ಲಿ, ಅಣ್ಣನ ಸಂಸಾರದ ಜೊತೆ. ನಾನು ಮನೆ ಮುಟ್ಟುವಷ್ಟರಲ್ಲಿ ಶೀನಣ್ಣನೂ ಇನ್ನಿಬ್ಬರೂ ಅಲ್ಲಿಗೆ ಹೊರಟಾಗಿತ್ತು. ಅವರಿಗೆ ಬಾಗಿಲು ತೆಗೆದದ್ದು ಅಪ್ಪಯ್ಯನೇ. ಸಂಜೆ ಅಪ್ಪಯ್ಯನ ಫೋನ್ ಬಂತು.

"ನಾನ್ ಇನ್ನೂ ಇದ್ದೆ ಅಲ್ದನಾ ಮಾಣಿ?"

"ಹೌದ್ ಅಪ್ಪಯ್ಯ. ಅದ್ ಮಾಸ್ಕಿಗೆ..."

"ಮೀಸೆ ನಿಂದು, ಎಂತ ಬೇಕಾರೂ ಮಾಡ್ಕೊ. ಆದ್ರೆ ಇನ್ ಮೇಲೆ ಹೇಳಿ ತೆಗಿ. ಬಂದವ್ರಿಗೆ ಚಾ ಮಾಡುಕೆ ಮನೇಲಿ ಹಾಲ್ ಇರ್ಲಿಲ್ಲೆ." ಮತ್ತೆ, "ಶೀನ ನನ್ ಬಗ್ಗೆ ಒಳ್ಳೇದೇ ಹೇಳ್ದ" ಎಂದರು. ದನಿಯಲ್ಲಿ ಸಂತೋಷವಿತ್ತು.

ಇಷ್ಟೆಲ್ಲ ಆದ ಮೇಲೆ ಮಾಸ್ಕ್ ಇನ್ನೂ ಸೋರೀತೇ ಎಂಬ ಧೈರ್ಯದಲ್ಲಿ ಮತ್ತೆ ಸಮುದ್ರಕ್ಕೆ ಇಳಿದೆ. ಕಲ್ಲಿನ ಮರೆಯಿಂದ ಒಂದು ಆಮೆ ಬಂತು, ನನ್ನನ್ನೊಮ್ಮೆ ನೋಡಿತು, ಅವಸರವಿಲ್ಲದೆ ತನ್ನ ದಾರಿ ಹಿಡಿಯಿತು. ಮಾಸ್ಕಿನಲ್ಲಿ ನೀರು ಮೂಗಿನ ಮಟ್ಟಕ್ಕೆ ಬಂದಿತ್ತು. ಆಮೆಯನ್ನು ನೋಡುತ್ತ ಹೆದರಲು ಮರೆತುಬಿಟ್ಟೆ.

ದೋಣಿ ಹತ್ತಿದ ಮೇಲೆ ಭಾಸ್ಕರ ತಲೆ ಕೆರೆದುಕೊಂಡರು. "ಹೆದ್ರಲಿಲ್ಲ ಅಲ್ದಾ, ಇನ್ ಯಾವತ್ ಬೇಕಾರೂ ಬನ್ನಿ. ಆದ್ರೆ ತಪ್ಪ್ ನಂದೇ. ಮೀಸೆ ಅಲ್ಲ ಅದ್. ನೀವ್ ಕೆಳ್ಗ್ ಹೋದ್ ಕೂಡ್ಲೆ ನಗಾಡ್ತ್ರಿ. ಈ ಪ್ರಾಯದಲ್ಲಿ ನಗಾಡಿರೆ ಕೆನ್ನೆ ಮಡ್ಚತ್ತ್, ಆ ಮಡಿಕೆಲ್ ನೀರ್ ಹೊಕ್ಕತ್ತ್." ನಾನು ನಂಬಲಿಲ್ಲ. ಅವರು ನೀರಿನಡಿ ತೆಗೆದ ಫೋಟೋ ತೋರಿಸಿದರು.

ಮನೆಗೆ ಬಂದ ಮೇಲೆ ಅದನ್ನು ಸುಮತಿ ತುಂಬ ಹೊತ್ತು ನೋಡಿದಳು. "ಈ ನಗು ಇಷ್ಟ್ ವರ್ಷ ಎಲ್ಲ್ ಮಡ್ಗಿದ್ರಿ?" ಎಂದಳು.

ಈಗ ದಿನಾ ಮಾಸ್ಕ್ ಹಾಕಿಕೊಂಡು ಕನ್ನಡಿಯ ಮುಂದೆ ನಗದೆ ನಿಲ್ಲುವ ಅಭ್ಯಾಸ ಮಾಡುತ್ತಿದ್ದೇನೆ. ನೆಲದ ಮೇಲೆ ಅದೇನೂ ಕಷ್ಟವಿಲ್ಲ, ಹುಟ್ಟಿನಿಂದ ಬಂದದ್ದು. ನೀರಿನಡಿಯಲ್ಲಿ ಚಿಂತೆ ಮಾಡುವುದು ಹೇಗೆಂಬುದನ್ನು ಮಾತ್ರ ಇನ್ನು ಕಲಿಯಬೇಕು.